ಇಪ್ಪತ್ತೇಳನೇ ನಂಬರಿನ ಮನೆ

"ಒಂದೇ ಮನೆ. ಹನ್ನೊಂದು ಜನ," ಎಂದು ಲೆಕ್ಕದ ಡಾಕ್ಟರು ಮೇಜಿನ ಮೇಲೆ ಹರಡಿದ್ದ ನಕ್ಷೆಗೆ ಪೆನ್ಸಿಲಿನ ತುದಿ ಊರಿದರು. "ಇಪ್ಪತ್ತನಾಲ್ಕು ವರ್ಷದಲ್ಲಿ ಹನ್ನೊಂದು ಕ್ಯಾನ್ಸರ್. ನನ್ನ ಸರ್ವೀಸಿನಲ್ಲೇ ಇಂಥದ್ದು ಕಂಡಿಲ್ಲ. ಆ ಮನೆ ನೀರಲ್ಲೋ ಗೋಡೆಯಲ್ಲೋ ಏನೋ ಇರಬೇಕು."

ವಿಳಾಸದಕ್ಕ ನಕ್ಷೆಯ ಕಡೆ ತಿರುಗಲಿಲ್ಲ. ಪೆನ್ಸಿಲ್ ಎಲ್ಲಿ ಊರಿದೆ ಎಂಬುದು ಅವಳಿಗೆ ನೋಡದೆಯೂ ಗೊತ್ತಿತ್ತು. ಕೈಯಲ್ಲಿದ್ದ ಕಾರ್ಡುಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದಳು.

ಆಸ್ಪತ್ರೆಯ ಹಿಂಬದಿಯಲ್ಲಿದ್ದ ಆ ಉದ್ದನೆಯ ಕೋಣೆಗೆ ನೋಂದಣಿ ವಿಭಾಗವೆಂದು ಹೆಸರು. ಊರಿನ ಯಾವ ಭಾಗದಲ್ಲಿ ಯಾವ ವರ್ಷ ಎಷ್ಟು ಜನರಿಗೆ ಕ್ಯಾನ್ಸರ್ ಬಂತು, ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಬರೆದಿಡುವುದೇ ಅಲ್ಲಿನ ಕೆಲಸ. ಡಾಕ್ಟರು ಸ್ಟೆತಾಸ್ಕೋಪ್ ಮುಟ್ಟಿದ್ದನ್ನು ಕಂಡವರು ಯಾರೂ ಇರಲಿಲ್ಲವಾದ್ದರಿಂದ ಅವರು ಲೆಕ್ಕದ ಡಾಕ್ಟರಾಗಿದ್ದರು. ಅವಳು ಹದಿನೈದು ವರ್ಷಗಳಿಂದ ವಾರ್ಡು ವಾರ್ಡು ಸುತ್ತಿ, ಮಲಗಿದವರ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಎಲ್ಲರನ್ನೂ ಅದದೇ ಪ್ರಶ್ನೆ ಕೇಳುತ್ತಿದ್ದಳು. ಮನೆ ಎಲ್ಲಿ? ಅಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಅದಕ್ಕೂ ಮೊದಲು? ಹಾಗಾಗಿ ನರ್ಸುಗಳ ಬಾಯಲ್ಲಿ ಅವಳು ವಿಳಾಸದಕ್ಕ. "ಯಮ ಬಂದ್ರೂ ಮನೆ ನಂಬರ್ ಕೇಳ್ತಾಳೆ ಇವಳು," ಎಂದು ಅವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ನಕ್ಷೆಯಲ್ಲಿ ರೋಗ ಹೆಚ್ಚಿದ್ದ ಕಡೆ ಗಾಢ ಬಣ್ಣ, ಕಡಿಮೆ ಇದ್ದ ಕಡೆ ತೆಳು. ಸ್ಟೇಷನ್ ಹಿಂದಿನ ಬಡಾವಣೆ ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಾ ಬಂದಿತ್ತು. ಊರಿನ ಇನ್ನೊಂದು ತುದಿಯ ಗಿರಣಿ ಬೀದಿ ಮಾತ್ರ ಒಗೆದು ಹಾಕಿದ ಹಾಗೆ ಬಿಳಿ.

"ವ್ಯಾನು ಬರೋದು ಒಂದೇ," ಎಂದರು ಡಾಕ್ಟರು. ಸ್ತನ, ಬಾಯಿ, ಗರ್ಭಕೋಶದ ಕೊರಳು ಇವುಗಳಲ್ಲಿ ಕ್ಯಾನ್ಸರ್ ಇದೆಯೇ ಎಂದು ಪರೀಕ್ಷಿಸುವ ಹೊಸ ವ್ಯಾನು ಮುಂದಿನ ತಿಂಗಳು ಬರುವುದಿತ್ತು. "ಸ್ಟೇಷನ್ ಹಿಂದೆ ನಿಲ್ಲಿಸೋಣ. ಗಿರಣಿ ಬೀದೀನ ಪಟ್ಟಿಯಿಂದ ತೆಗೆದುಬಿಡಿ. ಅದರ ಸರದಿ ಮತ್ತೆ ಬರೋಷ್ಟರಲ್ಲಿ ನಾಲ್ಕು ವರ್ಷ ಆಗುತ್ತೆ, ಆಗಲಿ. ಪುಣ್ಯವಂತರು, ಅಲ್ಲಿ ಯಾರಿಗೂ ಏನೂ ಬರಲ್ಲ. ನಾಳೆ ನೀವೂ ನನ್ನ ಜೊತೆ ಬನ್ನಿ. ಆ ಇಪ್ಪತ್ತೇಳನೇ ನಂಬರಿನ ಮನೇನ ನೋಡಿಕೊಂಡು ಬರೋಣ."

"ನಾಳೆ ನನಗೆ..." ಎಂದಳು.

"ಏನು?"

"ಏನಿಲ್ಲ ಸಾರ್. ಬರ್ತೀನಿ."

ಅವಳು ಹುಟ್ಟಿ ಬೆಳೆದದ್ದು ಆ ಬಿಳಿಯ ಗಿರಣಿ ಬೀದಿಯಲ್ಲಿ. ಕಪ್ಪು ಬಡಾವಣೆಯ ಇಪ್ಪತ್ತೇಳನೇ ನಂಬರು ಅವಳ ಸೋದರಮಾವನ ಮನೆ.

ಮರುದಿನ ಹತ್ತು ಗಂಟೆಗೆ ಅವರು ಹೋದಾಗ ಬಾಗಿಲು ತೆಗೆದವಳು ಮಾವನ ಹೆಂಡತಿ. ಮಾವ ಹೋಗಿ ಏಳು ವರ್ಷವಾಗಿತ್ತು. ಅತ್ತೆ ಒಬ್ಬಳೇ, ಬಗ್ಗಿದ ಬೆನ್ನಿನಲ್ಲಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರು? ಅಯ್ಯೋ, ನೀನಾ! ದಾರಿ ತಪ್ಪಿ ಬಂದ್ಯಾ? ಎಷ್ಟು ವರ್ಷ ಆಯ್ತೇ, ಈ ಮುದುಕಿ ಸತ್ತಳೋ ಇದ್ದಾಳೋ ಅಂತ ಒಂದ್ಸಲ ಇಣುಕಿದ್ಯಾ?"

ಡಾಕ್ಟರು ಅವಳತ್ತ ತಿರುಗಿದರು. "ನಿಮಗೆ ಪರಿಚಯವೇ?"

ಅಷ್ಟರಲ್ಲಿ ಅತ್ತೆ ಅವರನ್ನು ಒಳಗೆ ಕರೆದು, ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಎತ್ತಿ ಮಂಚಕ್ಕೆ ಎಸೆದು, ಕೂರಿಸಿಯಾಗಿತ್ತು. ಡಾಕ್ಟರು ಚೀಲದಿಂದ ನೀರಿನ ಮಾದರಿಗೆ ತಂದ ಬಾಟಲಿ ತೆಗೆದಿಟ್ಟು, ಬಹಳ ಮೆತ್ತಗೆ ಕೇಳಿದರು: "ಅಮ್ಮಾ, ಈ ಮನೆಯಲ್ಲಿ ಇದ್ದವರಿಗೆ ಹನ್ನೊಂದು ಜನಕ್ಕೆ ಕ್ಯಾನ್ಸರ್ ಆಗಿತ್ತು ಅಂತ ನಮ್ಮ ದಾಖಲೆಯಲ್ಲಿದೆ. ಅವರೆಲ್ಲ ನಿಮಗೆ ಏನಾಗಬೇಕು?"

ಅತ್ತೆ ಬಾಯಿ ತೆರೆದು ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಹನ್ನೊಂದು ಜನಾನಾ? ಈ ಎರಡು ಕೋಣೇಲಿ? ನಿಂತುಕೊಂಡೇ ಮಲಗಿದ್ರಾ ಅವರು? ಇಲ್ಲಪ್ಪ, ಈ ಮನೇಲಿ ಆ ಕಾಯಿಲೆಯಿಂದ ಸತ್ತೋಳು ಒಬ್ಬಳೇ. ನನ್ನ ನಾದಿನಿ. ಇವಳಮ್ಮ."

ಡಾಕ್ಟರು ವಿಳಾಸದಕ್ಕನ ಕಡೆ ತಿರುಗಿದರು.

"ಮಿಕ್ಕೋರು ಗಿರಣಿ ಬೀದಿಯವರು," ಎಂದಳು ವಿಳಾಸದಕ್ಕ. "ಇಲ್ಲಿ ಒಂದು ದಿನವೂ ಇದ್ದೋರಲ್ಲ ಸಾರ್. ಈ ವಿಳಾಸ ಕೊಟ್ಟರು, ಅಷ್ಟೆ. ಮೊದಲು ಕೊಟ್ಟೋಳು ನಾನು."

ಆಗ ಅವಳಿಗೆ ಹದಿನಾರು. ಅಕ್ಕನ ಮದುವೆ ಗೊತ್ತಾಗಿ ಆರು ವಾರ ಉಳಿದಿತ್ತು. ಅಮ್ಮನ ಎದೆಯ ಗಂಟು ಹುಣ್ಣಾಗುವವರೆಗೂ ಮನೆಯಲ್ಲಿ ಯಾರೂ ಅದರ ಹೆಸರೆತ್ತಿರಲಿಲ್ಲ. ಆಸ್ಪತ್ರೆಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಾಗ ಅಪ್ಪ ಅವಳ ಮೊಣಕೈ ಹಿಡಿದು, "ಮಾವನ ಮನೇದು ಹೇಳು. ಕಾಗದ ಗಿಗದ ನಮ್ಮ ಬೀದಿಗೆ ಬಂದ್ರೆ ಅಕ್ಕನ ಕಥೆ ಮುಗೀತು," ಎಂದು ಕಿವಿಯಲ್ಲಿ ಹೇಳಿದ್ದ. ಅವಳು ಹೇಳಿದಳು. ಇಪ್ಪತ್ತೇಳು, ಸ್ಟೇಷನ್ ಹಿಂದೆ. ಕಿಟಕಿಯಾಚೆಯ ಮನುಷ್ಯ ತಲೆ ಎತ್ತದೆ ಬರೆದುಕೊಂಡ. ಪಕ್ಕದಲ್ಲಿದ್ದ ಅಮ್ಮ ಅವಳ ಮುಖವನ್ನೊಮ್ಮೆ ನೋಡಿದಳು. ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡಬೇಕಾಯಿತು. ಅಮ್ಮನನ್ನು ಗಿರಣಿ ಬೀದಿಗೆ ವಾಪಸು ಕರೆದೊಯ್ಯದೆ ಈ ಮನೆಯ ಇದೇ ಮಂಚದಲ್ಲಿ ಮಲಗಿಸಿದರು. ಅಕ್ಕನ ಮದುವೆಗೆ ಬಂದವರಿಗೆಲ್ಲ, ಅಮ್ಮನಿಗೆ ಕಾಲು ಮುರಿದಿದೆ ಎಂದರು.

ಅಪ್ಪ ಆ ಉಪಾಯವನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ಮರುವರ್ಷ ಅದೇ ಬೀದಿಯ ಟೈಲರನ ಹೆಂಡತಿಗೆ ಕಾಯಿಲೆ ಬಂದಾಗ ಟೈಲರನಿಗೆ ಹೇಳಿಕೊಟ್ಟ. ಟೈಲರ್ ಇನ್ನೊಬ್ಬರಿಗೆ. ಅವಳು ಕೆಲಸಕ್ಕೆ ಸೇರಿದ ಮೇಲೆ ವಾರ್ಡಿನಲ್ಲಿ ಆ ಬೀದಿಯ ಮುಖಗಳು ಎದುರಾದವು. ಅವರೂ ಅವಳನ್ನು ಗುರುತಿಸಿದರು. "ಮನೆ ಎಲ್ಲಿ?" ಎಂದು ಕೇಳುವಾಗ ಅವಳು ಕಾರ್ಡನ್ನೇ ನೋಡುತ್ತಿದ್ದಳು, "ಇಪ್ಪತ್ತೇಳು..." ಎನ್ನುವಾಗ ಅವರು ಹೊದಿಕೆಯನ್ನೇ ನೋಡುತ್ತಿದ್ದರು. ಚಿಕ್ಕವಳಿದ್ದಾಗ ಅವಳ ಜಡೆ ಹೆಣೆದ ಕೈಗಳು, ಬಿದ್ದಾಗ ಎತ್ತಿದ ಕೈಗಳು ಆ ಹೊದಿಕೆಯ ಮೇಲಿರುತ್ತಿದ್ದವು. ಕಾಗದದ ಮೇಲಿನ ಒಂದು ಸಾಲಿನಿಂದ ಯಾರಿಗೇನು ಕೆಟ್ಟೀತು ಎಂದುಕೊಂಡು ಬರೆದುಕೊಂಡಳು. ಆ ಹನ್ನೊಂದರಲ್ಲಿ ಏಳು ಕಾರ್ಡುಗಳು ಅವಳದೇ ಅಕ್ಷರದಲ್ಲಿದ್ದವು.

ಡಾಕ್ಟರು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಅಂದ್ರೆ ಆ ಬೀದಿ ಬಿಳಿ ಅಲ್ಲ," ಎಂದರು ಕೊನೆಗೆ. "ಬಿಳಿ ಇದೆ ಅಂತ ಕಳೆದ ಎರಡು ಸರದಿಯಲ್ಲೂ ಅಲ್ಲಿಗೆ ತಪಾಸಣೆಗೆ ಯಾರನ್ನೂ ಕಳಿಸಲಿಲ್ಲ ನಾನು. ನಾನೇ ಸಹಿ ಹಾಕಿದ್ದು."

ಹೊರಡುವಾಗ ಅತ್ತೆ ಅವಳನ್ನು ಬಾಗಿಲಲ್ಲಿ ತಡೆದಳು. "ನಿಮ್ಮಮ್ಮ ಆ ಮಂಚದ ಮೇಲೆ ಯಾವಾಗಲೂ ಗೋಡೆ ಕಡೆಗೇ ತಿರುಗಿ ಮಲಗೋಳು, ಗೊತ್ತಾ? ಈ ಕಡೆ ತಿರುಗಿ ಗಾಳಿ ಬರುತ್ತೆ ಅಂದ್ರೆ ಕೇಳ್ತಿರಲಿಲ್ಲ. ನಮ್ಮ ಬೀದಿ ಇರೋದು ಆ ದಿಕ್ಕಿಗೆ ಅತ್ತಿಗೆ, ಅನ್ನೋಳು."

ಆ ದಿನದಿಂದ ಅವಳಿಗೆ ಕೆಲಸ ಮಾಡುವುದು ಕಷ್ಟವಾಯಿತು. ಯಾರ ಪಕ್ಕ ಸ್ಟೂಲು ಎಳೆದು ಕೂತರೂ, ಅವರು ಬಾಯಿ ತೆರೆಯುವ ಮೊದಲೇ, ಬೆನ್ನು ಮಾಡಿ ಮಲಗಿದ ಇನ್ನೊಬ್ಬಳು ಇಪ್ಪತ್ತೇಳು ಎಂದಂತಾಗುತ್ತಿತ್ತು. ಕಾರ್ಡುಗಳನ್ನು ತಿದ್ದಲು ಕೂತಳು. ಒಂದೊಂದರ ವಿಳಾಸಕ್ಕೂ ಗೆರೆ ಎಳೆದು ಗಿರಣಿ ಬೀದಿಯ ನಿಜವಾದ ನಂಬರು ಬರೆಯುವಾಗ ಆ ಮನೆಯ ಬಾಗಿಲಿನ ಬಣ್ಣ, ಒಳಗಿನ ಕತ್ತಲೆ, ಸದಾ ಮುಚ್ಚಿರುತ್ತಿದ್ದ ಹಿಂದಿನ ಕೋಣೆಯಿಂದ ಬರುತ್ತಿದ್ದ ಡೆಟಾಲಿನ ವಾಸನೆ, ಎಲ್ಲ ಬಂದವು. ಆಡುವಾಗ ಚೆಂಡು ಹೋಗಿ ಬಿದ್ದರೆ "ಅಲ್ಲಿಗೆ ಹೋಗಬೇಡಿ, ಅಜ್ಜಿ ಮಲಗಿದ್ದಾರೆ" ಎನ್ನುತ್ತಿದ್ದ ಮನೆಗಳು ಒಂದಲ್ಲ, ಎರಡಲ್ಲ. ಆಸ್ಪತ್ರೆಯ ಮುಖವನ್ನೇ ನೋಡದೆ ಸತ್ತವರಿಗೆ ಸುಳ್ಳು ವಿಳಾಸದ ಕಾರ್ಡೂ ಇರಲಿಲ್ಲ.

ತಿದ್ದಿದ ಮೇಲೆ ಸ್ಟೇಷನ್ ಹಿಂದಿನ ಏರಿಕೆ ಇಳಿದು ಎಲ್ಲ ಬಡಾವಣೆಗಳಂತಾಯಿತು. ಗಿರಣಿ ಬೀದಿ ಕಪ್ಪಾಯಿತು.

"ಬಣ್ಣದ ಗಿರಣಿಯಿಂದಲಾ ಸಾರ್?" ಎಂದು ಕೇಳಿದಳು. ಬಟ್ಟೆಗೆ ಬಣ್ಣ ಹಾಕುತ್ತಿದ್ದ ಆ ಬೀದಿಯ ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

"ಇರಬಹುದು, ಇಲ್ಲದೆಯೂ ಇರಬಹುದು. ನೂರಿಪ್ಪತ್ತು ಮನೆಯ ಬೀದಿ. ಇಷ್ಟು ಸಣ್ಣ ಜಾಗದಲ್ಲಿ ಎರಡು ಜನ ಹೆಚ್ಚಾದರೆ ಕಪ್ಪು, ಎರಡು ಜನ ಕಡಿಮೆಯಾದರೆ ಬಿಳಿ. ಸುಮ್ಮನೆ ಹಾಗೆ ಬಿದ್ದಿರಲೂಬಹುದು. ಗೊತ್ತಿಲ್ಲ ಅನ್ನೋದನ್ನ ಗೊತ್ತಿಲ್ಲ ಅಂತಲೇ ಬರೀಬೇಕು ನಾವು," ಎಂದರು ಡಾಕ್ಟರು. "ಒಂದು ಮಾತ್ರ ಗೊತ್ತು. ನಿಮ್ಮ ಬೀದಿಯವರು ಬಂದಾಗ ಕಾಯಿಲೆ ತೀರಾ ಮುಂದುವರಿದಿರುತ್ತೆ. ಹನ್ನೊಂದರಲ್ಲಿ ಒಂಬತ್ತು ಜನ ವರ್ಷ ದಾಟಿಲ್ಲ. ವ್ಯಾನು ಅಲ್ಲಿಗೇ ಹೋಗಲಿ."

ಸುದ್ದಿ ವ್ಯಾನಿಗಿಂತ ಮೊದಲೇ ಬೀದಿ ಮುಟ್ಟಿತು. ಅವಳ ಅಣ್ಣ ಅಲ್ಲಿ ಹಳೆಯ ಮನೆಯ ಮುಂಭಾಗದಲ್ಲೇ ಬೀಗ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಅವಳು ಹೋದಾಗ ಅರವನ್ನು ಕೆಳಗಿಡದೆ ಮಾತಾಡಿದ.

"ನಿನ್ನ ಕೆಲಸ ನಿನಗೆ ಹೆಚ್ಚಾಯ್ತಾ? ಇಡೀ ಬೀದಿಗೆ ಮಸಿ ಬಳಿದೆಯಲ್ಲ. ನಾಳೆ ನನ್ನ ಮಗಳನ್ನ ಯಾರು ಕೇಳ್ಕೊಂಡು ಬರ್ತಾರೆ? ಕ್ಯಾನ್ಸರ್ ಬೀದಿಯ ಹುಡುಗಿ ಅಂತಾರೆ."

"ಯಾರ ಹೆಸರನ್ನೂ ಹೇಳಿಲ್ಲ ಅಣ್ಣ. ಹೇಳೋ ಹಾಗೂ ಇಲ್ಲ. ಅಮ್ಮನ ಕಾರ್ಡು ಮಾತ್ರ ನಮ್ಮದು ಅಂತ ಒಪ್ಪಿಕೊಂಡೆ."

"ಸತ್ತೋಳನ್ನ ಯಾಕೆ ಎಳೀತೀಯ ಈಗ?"

"ಸತ್ತಾಗ ಎಲ್ಲಿದ್ಲು ಅಣ್ಣ ಅವಳು? ನೀನು ಹೋಗಿದ್ಯಾ ನೋಡೋಕೆ?"

ಅಣ್ಣ ಕೀಲಿಗೆ ಅರ ಉಜ್ಜುತ್ತಲೇ ಇದ್ದ. ಅವಳಂತೆ ಅವನೂ ಹೋಗಿರಲಿಲ್ಲ. ಹೋದರೆ ಜನ ನೋಡುತ್ತಾರೆಂದು ಅಪ್ಪ ಬೇಡವೆಂದಿದ್ದ. ಅತ್ತಿಗೆ ಒಳಬಾಗಿಲ ಚೌಕಟ್ಟಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. "ಒಂದು ಲೋಟ ನೀರಾದ್ರೂ ಕುಡ್ದು ಹೋಗು," ಎಂದಳು. ಅಣ್ಣ ತಲೆ ಎತ್ತಲಿಲ್ಲ. ಅವಳು ನೀರು ಕುಡಿದು ಹೊರಟಳು.

ವ್ಯಾನು ಬಂದದ್ದು ಸೋಮವಾರ, ಬೆಳಗ್ಗೆ ಒಂಬತ್ತಕ್ಕೆ. ಬೀದಿಯ ನಡುವೆ ಗಿರಣಿಯ ಪಾಳು ಗೋಡೆಗೆ ಹೊಂದಿಕೊಂಡು ನಿಂತಿತು. ಒಳಗೆ ಡಾಕ್ಟರಮ್ಮ, ಇಬ್ಬರು ನರ್ಸುಗಳು. ಹೊರಗೆ ಮೇಜು ಹಾಕಿಕೊಂಡು ವಿಳಾಸದಕ್ಕ. ಹತ್ತು ಗಂಟೆಗೆ ಯಾರೂ ಬರಲಿಲ್ಲ. ಹನ್ನೊಂದಕ್ಕೂ ಇಲ್ಲ. ಬೀದಿ ಬಿಕೋ ಎನ್ನುತ್ತಿತ್ತು, ಆದರೆ ಕಿಟಕಿಗಳ ಹಿಂದೆ ಕಣ್ಣುಗಳಿರುವುದು ಅವಳಿಗೆ ಗೊತ್ತಿತ್ತು. ಅರ್ಧ ತೆರೆದ ಬಾಗಿಲುಗಳತ್ತ ನೋಡುತ್ತಾ ಕೂತರೆ, ಬದುಕಿರುವವರು ಯಾರು, ಹೋದವರು ಯಾರು ಎಂಬುದು ಕಲಸಿಹೋಗುತ್ತಿತ್ತು. ಟೈಲರನ ಮನೆಯ ಕಿಟಕಿಯ ಪರದೆ ಅಲುಗಿತು. ಆ ಮನೆಗೆ ಬೀಗ ಬಿದ್ದು ಮೂರು ವರ್ಷವಾಗಿತ್ತು. ಗಾಳಿಯಿರಬೇಕು.

"ಊರಿಗೆ ಬಂದ ಮದುಮಗನ್ನ ಯಾರೂ ನೋಡೋಕೇ ಬರ್ಲಿಲ್ವಲ್ಲ," ಎಂದು ಚಿಕ್ಕ ನರ್ಸು ವ್ಯಾನಿನ ಮೈ ತಟ್ಟಿ ನಗಿಸಲು ನೋಡಿದಳು.

ವಿಳಾಸದಕ್ಕ ಎದ್ದಳು. ಖಾಲಿ ಕಾರ್ಡೊಂದನ್ನು ತೆಗೆದು ನರ್ಸಿನ ಕೈಗೆ ಕೊಟ್ಟಳು.

"ನನ್ನದೇ ಬರ್ಕೊಳ್ಳಿ. ಹದಿನೈದು ವರ್ಷ ಎಲ್ಲರನ್ನೂ ಕೇಳಿದ್ದೀನಿ. ನನ್ನನ್ನ ಯಾರೂ ಪರೀಕ್ಷೆ ಮಾಡಿಲ್ಲ."

"ನೀವು ಇಲ್ಲಿಯೋರಲ್ವಲ್ಲ ಅಕ್ಕ."

"ಹುಟ್ಟಿದ್ದು ಇಲ್ಲೇ," ಎಂದು ಜೋರಾಗಿ ಹೇಳಿದಳು. ಆ ಸದ್ದು ಗೋಡೆಗೆ ಬಡಿದು ಬೀದಿಯ ಉದ್ದಕ್ಕೂ ಹೋಯಿತು. "ನಮ್ಮಮ್ಮ ಎದೆಯ ಕ್ಯಾನ್ಸರಿನಿಂದ ಸತ್ತಳು. ಕಾಲು ಮುರಿದು ಅಲ್ಲ."

ವ್ಯಾನಿನೊಳಗೆ ತಣ್ಣಗಿತ್ತು. ಡಾಕ್ಟರಮ್ಮನ ಬೆರಳುಗಳು ಎದೆಯ ಎಡಗಡೆ ಒಂದು ಜಾಗದಲ್ಲಿ ತುಸು ಹೊತ್ತು ನಿಂತವು, ಮತ್ತೆ ಸರಿದವು. "ಎಕ್ಸ್‌ರೇ ಚಿತ್ರ ತೆಗೆಸೋಣ, ಹೆದರಬೇಡಿ," ಎಂದರು. ಅವಳು ಹೂಂ ಎಂದಳು. ಎಷ್ಟು ಜನರ ಬಾಯಲ್ಲಿ ಆ ಹೂಂ ಕೇಳಿದ್ದಳೋ, ತನ್ನ ಬಾಯಲ್ಲಿ ಅದು ಹೇಗಿರುತ್ತದೆಂದು ಇವತ್ತು ತಿಳಿಯಿತು. ಚಿತ್ರ ತೆಗೆದರು. ಫಲಿತಾಂಶಕ್ಕೆ ಶುಕ್ರವಾರದವರೆಗೆ ಕಾಯಬೇಕು. ಬಟ್ಟೆ ಸರಿಮಾಡಿಕೊಂಡು ಮೆಟ್ಟಿಲಿಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು.

ಕೆಳಗೆ ಅತ್ತಿಗೆ ನಿಂತಿದ್ದಳು. ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಎದ್ದು ಬಂದಿರಬೇಕು, ಮುಂಗೈಯ ಮೇಲೆ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

"ನಿಮ್ಮಣ್ಣ ಮಾತಾಡ್ತಿಲ್ಲ ನನ್ಜೊತೆ," ಎಂದಳು. "ಮಾತಾಡಿ ಯಾವ ಬೆಟ್ಟ ಕಡಿದ್ರು ಇಷ್ಟು ದಿನ? ಎಲ್ಲಿಗೆ ಹೋಗ್ಬೇಕು ನಾನು, ಒಳಗಾ?"

ಅತ್ತಿಗೆ ಒಳಗಿದ್ದ ಹೊತ್ತಿನಲ್ಲಿ ಎದುರು ಮನೆಯ ಮುದುಕಿ ಬಾಗಿಲಿಗೆ ಚಿಲಕ ಹಾಕಿ ಬಂದಳು. "ಏನಿಲ್ಲ, ಸುಮ್ನೆ ಬಂದೆ," ಎಂದು ಮೇಜಿನಿಂದ ಮಾರು ದೂರ ನಿಂತಳು. ಆಮೇಲೆ ಇಬ್ಬರು ಓರಗಿತ್ತಿಯರು ಬಂದು, ಅವರೂ ಸುಮ್ಮನೆ ಬಂದವರಂತೆ ನಿಂತರು. ಇನ್ನೊಬ್ಬಳು ಕಂಕುಳಲ್ಲಿ ಮಗುವಿನೊಂದಿಗೆ. ಯಾರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಒಬ್ಬೊಬ್ಬರೂ ಬೇರೆ ಬೇರೆ ಕೆಲಸಕ್ಕೆ ಬಂದು ನಿಂತಂತೆ ನಡುವೆ ಜಾಗ ಬಿಟ್ಟುಕೊಂಡು ಗಿರಣಿ ಗೋಡೆಯ ನೆರಳಿನಲ್ಲಿ ನಿಂತರು. ಮಧ್ಯಾಹ್ನ ಏರಿದಂತೆ ಆ ನೆರಳು ಕಿರಿದಾಗುತ್ತಾ ಬಂತು. ಹೆಂಗಸರು ಒಂದೊಂದೇ ಹೆಜ್ಜೆ ಹಿಂದಕ್ಕೆ, ಪಕ್ಕಕ್ಕೆ ಸರಿದರು. ಕೊನೆಗೆ ಯಾರೂ ಬಿಸಿಲಿನಲ್ಲಿ ಉಳಿಯದ ಹಾಗೆ ಒಬ್ಬರ ತೋಳಿಗೆ ಇನ್ನೊಬ್ಬರ ತೋಳು ತಾಗಿಸಿಕೊಂಡು ನಿಂತರು.