ಕಾಕ ಕೊಟ್ಟ ಸ್ಟ್ರೈಕರ್

"ಇದು ಟ್ರೇಡಾ, ದಾನವಾ? ಅಡ್ಮಿನ್ ಉತ್ತರ ಕೊಡಬೇಕು."

ಶಿರ್ತಾಡಿಯ ರವಿಶಂಕರ್ ಶನಿವಾರ ಬೆಳಿಗ್ಗೆ ನಮ್ಮ ಫ್ಯಾಂಟಸಿ ಫುಟ್ಬಾಲ್ ಲೀಗಿನ ವಾಟ್ಸಾಪ್ ಗ್ರೂಪಿನಲ್ಲಿ ಹೀಗೆ ಹಾಕಿದಾಗ ನಾನು ಮೂಡುಬಿದಿರೆಯ ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜಿಯ ಭುಜ ಎತ್ತಿಸುತ್ತಿದ್ದೆ. ಫಿಸಿಯೋಥೆರಪಿ ನನ್ನ ಹೊಟ್ಟೆಪಾಡು. ಅಡ್ಮಿನ್‌ಗಿರಿ ನಾನೇ ತಲೆಗೆ ಕಟ್ಟಿಕೊಂಡ ಪೀಡೆ.

ಫ್ಯಾಂಟಸಿ ಫುಟ್ಬಾಲ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಆಡುವ ನಿಜವಾದ ಆಟಗಾರರನ್ನು ನಾವು ಎಂಟು ಮಂದಿ ಇಲ್ಲಿ ಕೂತು ಹಂಚಿಕೊಳ್ಳುತ್ತೇವೆ. ಒಬ್ಬ ಆಟಗಾರ ಒಬ್ಬರ ತಂಡದಲ್ಲಿ ಮಾತ್ರ. ಅಲ್ಲಿ ಅವನು ಗೋಲು ಹೊಡೆದರೆ ಇಲ್ಲಿ ಅವನ ಓನರಿಗೆ ಪಾಯಿಂಟು. ಬೇಕಾದರೆ ಒಬ್ಬರಿಗೊಬ್ಬರು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು, ಅದೇ ಟ್ರೇಡ್. ಇಬ್ಬರು ಓನರುಗಳು ಒಳಒಪ್ಪಂದ ಮಾಡಿಕೊಂಡಿದ್ದಾರೆ ಎಂದು ಕಂಡರೆ ಶನಿವಾರದ ಮ್ಯಾಚು ಶುರುವಾಗುವ ಮೊದಲು ಅಡ್ಮಿನ್ ಆ ಟ್ರೇಡನ್ನು ರದ್ದು ಮಾಡಬಹುದು. ಗೆದ್ದವರಿಗೆ ಏನೂ ಇಲ್ಲ. ಕೊನೆಗೆ ಬಂದವರು ಎಲ್ಲರಿಗೂ ಊಟ ಹಾಕಬೇಕು.

ನಡೆದದ್ದು ಇಷ್ಟೆ. ಬಂಟ್ವಾಳದ ನಿಝಾರ್ ತನ್ನ ಒಂಬತ್ತನೇ ನಂಬರಿನ ಸ್ಟ್ರೈಕರನ್ನು, ಇಡೀ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದು ಪಾಯಿಂಟು ತರುವವನನ್ನು, ಬೆಳ್ತಂಗಡಿಯ ಅಸ್ಕರ್‌ಗೆ ಕೊಟ್ಟಿದ್ದ. ಬದಲಿಗೆ ತೆಗೆದುಕೊಂಡದ್ದು ಮೊಣಕಾಲಿನ ಲಿಗಮೆಂಟು ಹರಿದು ಆಪರೇಶನ್ ಆದ ಒಬ್ಬ ಡಿಫೆಂಡರನ್ನು. ಅಂಥ ಮೊಣಕಾಲುಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಆ ಮನುಷ್ಯ ಈ ಸೀಸನ್ ಓಡುವುದಿಲ್ಲ.

ರವಿಶಂಕರ್ ಕೂಗಿದ್ದರಲ್ಲಿ ತಪ್ಪಿರಲಿಲ್ಲ. ಕಷ್ಟ ಏನೆಂದರೆ, ನಿಝಾರ್ ನನ್ನ ಅಣ್ಣ, ನಮ್ಮ ಬ್ಯಾರಿ ಮಾತಿನಲ್ಲಿ ಕಾಕ. ಅಸ್ಕರ್ ಜೊತೆ ನನ್ನ ಮದುವೆಯ ಮಾತುಕತೆ ನಡೆಯುತ್ತಿತ್ತು. ಮುಂದಿನ ವಾರ ಅವರು ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬರುವವರು, ಬಂದ ಮೇಲೆ ನಿಶ್ಚಯ. ಅದುವರೆಗೆ ಹೊರಗಿನವರ ಕಿವಿಗೆ ಬೀಳಬಾರದು ಎಂದು ಉಮ್ಮನ, ಅಂದರೆ ಅಮ್ಮನ, ಕಟ್ಟಪ್ಪಣೆ. ಹಾಗಾಗಿ ಗ್ರೂಪಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಅಡ್ಮಿನ್ ಅಣ್ಣನ ಪರವಾ?" ಎಂದು ಪುತ್ತಿಗೆಯ ಶ್ರಾವ್ಯಾ ಕೇಳಿದಳು. "ಇವತ್ತು ರದ್ದು ಮಾಡದಿದ್ರೆ ನಾನು ಲೀಗ್ ಬಿಡ್ತೇನೆ" ಎಂದ ರವಿಶಂಕರ್. ಅಜ್ಜಿ ಅಯ್ಯೋ ಎಂದರು. ನಾನು ಭುಜವನ್ನು ಬೇಕಾದದ್ದಕ್ಕಿಂತ ಮೇಲೆ ಎತ್ತಿದ್ದೆ.

ಲೀಗ್ ಹೋದರೆ ಹೋಗಲಿ, ಅದಕ್ಕೆ ನಾನು ಅಳುವವಳಲ್ಲ. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ನಮ್ಮ ಲೀಗಿನಲ್ಲಿ ಟ್ರೇಡ್ ನಡೆಯುವುದು ಮೀನು ಮಾರ್ಕೆಟ್ಟಿನ ಹಾಗೆ. ಮೊದಲು ಒಬ್ಬರು ನಾಚಿಕೆ ಇಲ್ಲದ ಬೆಲೆ ಕೇಳಬೇಕು. ಆಚೆಯವರು ಅಜ್ಜ ಪಿಜ್ಜರನ್ನೆಲ್ಲ ಎಳೆದು ತಂದು ಬೈಯಬೇಕು. ಆಮೇಲೆ ವ್ಯಾಪಾರ. ಬೈಯುವುದರಲ್ಲಿ ಕಾಕನನ್ನು ಮೀರಿಸಿದವರು ನೇತ್ರಾವತಿಯ ಈ ದಡದಲ್ಲೂ ಇರಲಿಲ್ಲ, ಆ ದಡದಲ್ಲೂ ಇರಲಿಲ್ಲ. ಶಾಲೆಯಲ್ಲಿ ಅಸ್ಕರ್ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತವರು, ಅತಿ ಹೆಚ್ಚು ಬೈಸಿಕೊಂಡವರೂ ಅವರೇ. ಅಂಥ ಕಾಕ ಮೊದಲ ಮಾತಿಗೇ "ಆಯ್ತು" ಎಂದಿದ್ದಾನೆ.

ಯಾಕೆಂದು ನನಗೆ ಗೊತ್ತಿತ್ತು. ನಮ್ಮ ತಂದೆ, ಬಾಪ, ತೀರಿಹೋದ ಮೇಲೆ ಮನೆಯ ಮಾತು ಆಡುವವನು ಕಾಕನೇ. ಎರಡು ವರ್ಷದ ಹಿಂದೆ ನನಗೆ ಇನ್ನೊಂದು ಸಂಬಂಧ ಬಂದಿತ್ತು. ಹುಡುಗನ ಸೋದರಮಾವ ಶರಬತ್ತು ಕುಡಿಯುತ್ತಾ, "ಮದುವೆ ಆದ ಮೇಲೆ ಹುಡುಗಿ ಕೆಲಸಕ್ಕೆ ಹೋಗುವುದು ಬೇಡ, ಅಡಿಗೆಗೆ ಜನ ಬೇಕು" ಎಂದರು. ಕಾಕ ಎದ್ದು ನಿಂತು, "ಅಡಿಗೆಗೆ ಜನ ಬೇಕಾದ್ರೆ ಹೋಟೆಲಿನಲ್ಲಿ ವಿಚಾರಿಸಿ, ಇಲ್ಲಿ ನನ್ನ ತಂಗಿ ಇರುವುದು" ಎಂದ. ಬಾಗಿಲ ಹಿಂದೆ ನಿಂತಿದ್ದ ನನಗೆ ಓಡಿಹೋಗಿ ಅವನನ್ನು ಅಪ್ಪಿಕೊಳ್ಳಬೇಕು ಎನಿಸಿತ್ತು. ಆದರೆ ಊರು ಬೇರೆಯೇ ಹೇಳಿತು: ಅಣ್ಣನ ಬಾಯಿಯಿಂದ ತಂಗಿಯ ಸಂಬಂಧ ಹೋಯಿತು. ಆಮೇಲೆ ಬಹಳ ದಿನ ಯಾರೂ ಕೇಳಿಕೊಂಡು ಬರಲಿಲ್ಲ. ಒಮ್ಮೆ ಉಮ್ಮ ಕೂಡ ಸಿಟ್ಟಿನಲ್ಲಿ ಅದನ್ನೇ ಹೇಳಿಬಿಟ್ಟರು. ಕಾಕ ಆ ದಿನ ಊಟ ಮಾಡದೆ ಎದ್ದು ಹೋದ.

ಈಗ ಅವನು ಅಸ್ಕರ್‌ನ ಮಾತಿಗೆಲ್ಲ ತಲೆ ಆಡಿಸುತ್ತಿದ್ದಾನೆ. ನಮ್ಮಲ್ಲಿ ಪುದಿಯಾಪ್ಳೆ, ಅಂದರೆ ಮದುಮಗ, ಕೇಳಿದ್ದಕ್ಕೆ ಇಲ್ಲ ಎನ್ನುವ ಪದ್ಧತಿ ಇಲ್ಲ. ಬಡಿಸಿದ್ದು ಸಾಕು ಎಂದರೂ ಬಡಿಸುತ್ತಾರೆ. ಅದು ಊಟದ ಮನೆಯ ಮಾತು, ಸರಿ. ಇಂಗ್ಲೆಂಡಿನ ಸ್ಟ್ರೈಕರಿಗೂ ಅದೇ ಪದ್ಧತಿಯೇ?

ನಾನು ಉಮ್ಮನಿಗೆ ಫೋನ್ ಮಾಡಿದೆ.

"ಆಟದ ವಿಷಯಕ್ಕೆ ಸಂಬಂಧ ಹಾಳು ಮಾಡ್ಬೇಡ ರಿಫಾ. ಅವರು ಕೇಳಿದ್ದಾರೆ, ಇವ ಕೊಟ್ಟಿದ್ದಾನೆ. ನಿನಗೆಂತ?" ಎಂದರು ಮೈಮೂನಮ್ಮ, ನನ್ನ ಉಮ್ಮ.

"ನನಗೇ ಉಮ್ಮ. ಇದೆಲ್ಲ ನನಗೋಸ್ಕರ ಅಲ್ವಾ?"

ಅವರು ಫೋನ್ ಇಟ್ಟರು.

ಅಸ್ಕರ್‌ಗೂ ಮಾಡಿದೆ. ಅವರನ್ನು ನಾನೇ ಒಪ್ಪಿದ್ದೆ, ಯಾರೂ ಒತ್ತಾಯ ಮಾಡಿದ್ದಲ್ಲ. ನಗಿಸುವ ಮನುಷ್ಯ. ಈಗ ಅವರ ಮೇಲೆಯೇ ಸಿಡಿದೆ.

"ನೀವು ಕಾಕನ ಹತ್ತಿರ ಆ ಸ್ಟ್ರೈಕರನ್ನು ಕೇಳಿದ್ದಾ?"

"ಕೇಳಿದ್ದು ಹೌದು. ಸುಮ್ಮನೆ ಕೆಣಕಲಿಕ್ಕೆ ಮಾರಾಯ್ತಿ. ಅವ ಬೈತಾನೆ, ಸ್ವಲ್ಪ ನಗುವ ಅಂತ. ಆಯ್ತು ಅಂದ. ನಾನು ತಮಾಷೆ ಅಂತ ಆ್ಯಪಿನಲ್ಲಿ ಬಟನ್ ಒತ್ತಿದೆ, ಟ್ರೇಡ್ ಆಗಿಯೇ ಹೋಯ್ತು."

"ಹಾಗಾದ್ರೆ ವಾಪಸ್ ಮಾಡಿ."

"ಮಾಡ್ತೇನೆ ಅಂತ ನಿನ್ನೆಯೇ ಹೇಳಿದೆ. ಬೇಡ, ಕೊಟ್ಟದ್ದನ್ನು ವಾಪಸ್ ಕೊಟ್ರೆ ನನಗೆ ಅವಮಾನ ಅಂತ ಕೈ ಮುಗಿದ ಹಾಗೆ ಮಾತಾಡಿದ." ಅಸ್ಕರ್‌ನ ಸ್ವರದಲ್ಲಿ ನಗು ಇರಲಿಲ್ಲ. "ರಿಫಾ, ಅವನಿಗೆ ಎಂತ ಆಗಿದೆ? ನನ್ನನ್ನು ನೀವು ಅಂತ ಕರೀತಾನೆ. ನನಗೆ ಸ್ಟ್ರೈಕರ್ ಸಿಕ್ಕಿತು, ದೋಸ್ತಿ ಹೋಯ್ತು."

ಮಧ್ಯಾಹ್ನಕ್ಕೇ ರಜೆ ಹಾಕಿ ಸಿದ್ಧಕಟ್ಟೆ ಮಾರ್ಗದ ಬಸ್ಸು ಹತ್ತಿದೆ. ಡ್ರೈವರ್ ಪ್ರತಿ ಸ್ಟಾಪಿನಲ್ಲೂ ಜನರನ್ನು ಕರೆದು ಕರೆದು ಹತ್ತಿಸಿದ. ನನಗೆ ಅವನ ಸ್ಟೇರಿಂಗ್ ಕಿತ್ತುಕೊಳ್ಳುವಷ್ಟು ಸಿಟ್ಟು. ಗ್ರೂಪಿನಲ್ಲಿ ಅಷ್ಟರಲ್ಲಿ ನನ್ನನ್ನೂ ಮೋಸಕ್ಕೆ ಸೇರಿಸಿಯಾಗಿತ್ತು. ಅಣ್ಣ, ತಂಗಿ, ಅಸ್ಕರ್, ಮೂವರ ನಡುವೆ ಏನೋ ಉಂಟು ಎಂದು ರವಿಶಂಕರ್ ಬರೆದಿದ್ದ. ಪಾಪ, ಅವನಿಗೆ ಅರ್ಧ ಸತ್ಯ ಗೊತ್ತಿಲ್ಲದೆಯೇ ಸಿಕ್ಕಿತ್ತು.

ಬಿ.ಸಿ. ರೋಡಿನಲ್ಲಿ ಕಾಕನ ಪ್ಲೈವುಡ್ ಅಂಗಡಿ. ಅವನು ಒಬ್ಬ ಗಿರಾಕಿಗೆ ಲ್ಯಾಮಿನೇಟಿನ ಬಣ್ಣ ತೋರಿಸುತ್ತಿದ್ದ. ಗಿರಾಕಿ ಇಪ್ಪತ್ತು ಬಣ್ಣ ನೋಡಿ ಮೊದಲಿನದನ್ನೇ ಇನ್ನೊಮ್ಮೆ ತೋರಿಸಲು ಹೇಳಿದ. ಹಿಂದಿನ ಕಾಕ ಆಗಿದ್ದರೆ ಅಷ್ಟರಲ್ಲಿ ಅವನಿಗೆ ಕನ್ನಡಕದ ಅಂಗಡಿಯ ದಾರಿ ತೋರಿಸುತ್ತಿದ್ದ. ಈಗ ನಗುನಗುತ್ತಾ ತೋರಿಸಿದ. ಗಿರಾಕಿ ಏನೂ ಕೊಳ್ಳದೆ ಹೋದ.

"ಟ್ರೇಡ್ ರದ್ದು ಮಾಡ್ತೇನೆ ಕಾಕ" ಎಂದೆ.

ಅವನ ಮುಖ ಬಿಳಿಚಿಹೋಯಿತು. "ಹುಚ್ಚಾ ನಿನಗೆ? ನಿಶ್ಚಯಕ್ಕೆ ವಾರ ಉಂಟು. ಅವರ ಮನೆಯವರು ಎಂತ ಹೇಳಿಯಾರು?"

"ಅವರ ಮನೆಯವರಿಗೆ ಆಫ್‌ಸೈಡ್ ಅಂದ್ರೆ ಎಂತ ಅಂತ ಗೊತ್ತಿಲ್ಲ. ಅವರಿಗೆಂತ ಆಗ್ಬೇಕು?"

"ಅಸ್ಕರ್‌ಗೆ ಬೇಜಾರಾಗ್ತದೆ."

"ನೀನು ಕೊಟ್ಟದ್ದಕ್ಕೇ ಅವರಿಗೆ ಬೇಜಾರಾದದ್ದು."

ಅವನಿಗೆ ನನ್ನ ಮಾತು ಕೇಳಿಸಿದಂತೆಯೇ ಇರಲಿಲ್ಲ. "ಒಬ್ಬ ಆಟಗಾರ ಅಲ್ವಾ ರಿಫಾ. ಕೇಳಿದ್ರೆ ಈ ಅಂಗಡಿಯನ್ನೇ ಕೊಡ್ತಿದ್ದೆ" ಎಂದ.

ಆ ಮಾತು ಕೇಳಿ ನನ್ನ ಸಿಟ್ಟೆಲ್ಲ ಇಳಿದು ಹೆದರಿಕೆ ಹತ್ತಿತು. ಇವನು ನಿಜವಾಗಿಯೂ ಕೊಡುವವನೇ. ನಾಳೆ ನನಗೆ ಆ ಮನೆಯಲ್ಲಿ ಏನಾದರೂ ಅನ್ಯಾಯ ಆದರೆ, ಯಾರಾದರೂ ಕೆಲಸ ಬಿಡು ಎಂದರೆ, ನಾನು ಯಾರಿಗೆ ಫೋನ್ ಮಾಡುವುದು? ಅಸ್ಕರ್ ಒಳ್ಳೆಯವರೇ ಇರಬಹುದು. ಆದರೆ ನನ್ನ ಹಿಂದೆ ನಿಲ್ಲುವ ಒಬ್ಬ ಬೇಕಲ್ಲ. ಎದ್ದು ನಿಂತು ಮಾತಾಡುವ ಆ ಕಾಕ ನನಗೆ ಬೇಕಿತ್ತು, ಮದುವೆಗಿಂತ ಹೆಚ್ಚು ಬೇಕಿತ್ತು.

ಅವನ ಕಣ್ಣೆದುರೇ ಮೊಬೈಲ್ ತೆಗೆದು ಟ್ರೇಡನ್ನು ರದ್ದು ಮಾಡಿದೆ. ಗ್ರೂಪಿನಲ್ಲಿ ಚಪ್ಪಾಳೆಯ ಮೇಲೆ ಚಪ್ಪಾಳೆ ಬಂತು. ಕಾಕ ಅದನ್ನು ನೋಡಲೇ ಇಲ್ಲ. ಅಸ್ಕರ್‌ಗೆ ಕರೆ ಮಾಡಿದ. ಫೋನಿಗೂ ಮರ್ಯಾದೆ ಕೊಡುವವನ ಹಾಗೆ ಕುರ್ಚಿಯಿಂದ ಎದ್ದು ನಿಂತ.

"ಅಸ್ಕರ್, ತಪ್ಪು ತಿಳ್ಕೊಳ್ಬೇಡಿ. ಇವಳಿಗೆ ಸ್ವಲ್ಪ ಕೋಪ ಜಾಸ್ತಿ. ಸಣ್ಣ ಪ್ರಾಯ. ನಾನು ಹೇಳ್ತೇನೆ ಅವಳಿಗೆ. ನೀವು ಮನಸ್ಸಿಗೆ ತಗೊಳ್ಬೇಡಿ."

ನನಗೆ ಮೂವತ್ತು ಹತ್ತಿರ ಬಂತು. ಫೋನನ್ನು ಅವನ ಕೈಯಿಂದ ಕಸಿದು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟೆ.

"ನಿಝಾರ್" ಎಂದರು ಅಸ್ಕರ್ ಆಚೆಯಿಂದ. "ಎಂತ ಮಾರಾಯ ಇದು? ರದ್ದಾದದ್ದು ಒಳ್ಳೇದಾಯ್ತು. ನೀನು ಒಮ್ಮೆ ಬೈದುಬಿಡು ನನಗೆ. ಮೊದಲಿನ ಹಾಗೆ."

ಕಾಕ ಹಲ್ಲು ಕಿರಿದ. ಅದನ್ನು ನಗು ಎನ್ನಲಾರೆ. "ನಿಮಗೆ ಬೈಯುವುದಾ? ಛೆ, ಛೆ."

"ನಾನು ಹೇಳ್ತೇನೆ, ಇಬ್ಬರೂ ಕೇಳಿ" ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. "ಕಾಕ ಇವರಿಗೆ ಒಮ್ಮೆ ಬೈಯಬೇಕು. ಬಾಯಿ ತುಂಬ. ಬೈದ ಮೇಲೆಯೇ ನಿಶ್ಚಯ. ಇಲ್ಲದಿದ್ರೆ ನನಗೆ ಈ ಮದುವೆ ಬೇಡ."

"ರಿಫಾ!" ಎಂದ ಕಾಕ.

"ಬೈ ಕಾಕ."

"ಬೈ ನಿಝಾರ್" ಎಂದರು ಅಸ್ಕರ್. ಅವರೂ ಬೇಡಿಕೊಳ್ಳುತ್ತಿದ್ದರು.

ಕಾಕ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. ಬಾಯಿ ತೆರೆದ. "ಅಸ್ಕರ್..." ಎಂದ. ಇನ್ನೊಮ್ಮೆ ತೆರೆದ. "ನೀನು..." ಎಂದ. ನಾನು ಮನಸ್ಸಿನಲ್ಲೇ ಅಲ್ಲಾಹುವಿಗೆ ಮೊರೆಯಿಟ್ಟೆ, ಒಂದು ಮಾತು ಬರಲಿ, ಎಷ್ಟು ಕೆಟ್ಟದ್ದಾದರೂ ಪರವಾಗಿಲ್ಲ. ಬರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತ, ಲ್ಯಾಮಿನೇಟಿನ ತುಂಡುಗಳು ಕಾಲ ಬಳಿ ಚೆಲ್ಲಿದವು. ನನ್ನ ಕಾಕ ಅಳುವುದನ್ನು ನಾನು ಬಾಪ ಸತ್ತ ದಿನವೂ ನೋಡಿರಲಿಲ್ಲ.

"ಆ ಸಂಬಂಧ ನನ್ನ ಬಾಯಿಂದ ಹೋಯ್ತು" ಎಂದ. "ಇದು ಕೂಡ ನನ್ನ ಬಾಯಿಂದಲೇ ಹೋಗ್ಬೇಕಾ ರಿಫಾ?"

ನಾನು ಕೌಂಟರಿನ ಒಳಗೆ ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತೆ. ಮೇಲೆ ಫೋನಿನಲ್ಲಿ ಅಸ್ಕರ್ ಹಲೋ, ಹಲೋ ಎನ್ನುತ್ತಲೇ ಇದ್ದರು. ನಾನು ಚೆಲ್ಲಿದ ಲ್ಯಾಮಿನೇಟಿನ ತುಂಡುಗಳನ್ನು ಒಂದೊಂದಾಗಿ ಹೆಕ್ಕತೊಡಗಿದೆ.