ಒಂದು, ಮೂರು, ನಾಲ್ಕು, ಎರಡು

ಚಿಕ್ಕ ಮೇಸ್ತ್ರಿ ಟ್ರ್ಯಾಕ್ಟರಿನ ಎಂಜಿನ್ನಿಗೆ ಬಗ್ಗಿ, ಕೊನೆಯ ವೈರಿನ ಟೊಪ್ಪಿಯನ್ನು ಪ್ಲಗ್ಗಿನ ತಲೆಗೆ ಒತ್ತಿ ಕೂರಿಸುತ್ತಿದ್ದ. ಒಗೆದ ಬಿಳಿ ಅಂಗಿಯ ತೋಳಿಗೆ ಆಗಲೇ ಗ್ರೀಸು ಮೆತ್ತಿಕೊಂಡಿತ್ತು. ಒಳಗೆ ನಡುಕೋಣೆಯಲ್ಲಿ ಅವನ ಭಾವ, ಎಲ್ಲರ ಬಾಯಲ್ಲೂ ದೊಡ್ಡ ಮೇಸ್ತ್ರಿ, ಬೆಳಗಿನ ಜಾವ ಪ್ರಾಣ ಬಿಟ್ಟು ಮಲಗಿದ್ದರು. ಅವರನ್ನು ಸ್ಮಶಾನಕ್ಕೆ ಒಯ್ಯಲೆಂದು ಮರದ ಮಿಲ್ಲಿನ ಯಜಮಾನರು ತಮ್ಮ ಹಳೇ ಪೆಟ್ರೋಲ್ ಟ್ರ್ಯಾಕ್ಟರನ್ನೇ ತಂದಿದ್ದರು. ತಂದದ್ದೇನೋ ಸರಿ, ಆದರೆ ಬರುವ ದಾರಿಯುದ್ದಕ್ಕೂ ಅದು ಕೆಮ್ಮಿತ್ತು. ವೈರುಗಳ ರಬ್ಬರು ಸೀಳಿಹೋಗಿತ್ತು.

"ಹೊಸ ವೈರು ಹಾಕ್ಬಿಡಪ್ಪ," ಎಂದಿದ್ದರು ಯಜಮಾನರು. "ಮೇಸ್ತ್ರೀನ ಕರ್ಕೊಂಡು ಹೋಗೋವಾಗ ನಡುದಾರೀಲಿ ನಿಂತ್ರೆ ಚೆನ್ನಾಗಿರಲ್ಲ."

ಪಕ್ಕದ ಮನೆಯ ದರ್ಜಿ ಬಗ್ಗಿ ನೋಡಿದ. "ನೋಡ್ಕೊಂಡು ಹಾಕು ಮಾರಾಯ. ಆವತ್ತು ನಿಮ್ಮ ಭಾವ ಹಾಕಿದ ಹಾಗೆ ಹಾಕ್ಬಿಟ್ಟೀಯ!"

"ಥೂ, ಸಾವಿನ ಮನೇಲಿ ಏನ್ರೀ ಮಾತು!" ಎಂದ ಯಾರೋ, ನಗು ತಡೆದುಕೊಂಡೇ.

"ಇರೋ ವಿಷಯ ಅಲ್ವೇನ್ರೀ? ಪಾಪ, ವಯಸ್ಸು ಯಾರನ್ನ ಬಿಡುತ್ತೆ."

"ಐದೇ ನಿಮಿಷದಲ್ಲಿ ಸರಿ ಮಾಡಿಕೊಟ್ಟ ಇವನು," ಎಂದರು ಯಜಮಾನರು.

ಚಿಕ್ಕ ಮೇಸ್ತ್ರಿ ತಲೆ ಎತ್ತಲಿಲ್ಲ. ಎಂಜಿನ್ನಿನೊಳಗೇ ಮುಖ ಹುದುಗಿಸಿಕೊಂಡು, ಸರಿಯಾಗಿಯೇ ಕೂತಿದ್ದ ವೈರುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿದ.

*

ಆರು ವರ್ಷದ ಹಿಂದೆ ತಮ್ಮ ರಿಪೇರಿ ಶೆಡ್ಡಿನಲ್ಲಿ ಇದೇ ಟ್ರ್ಯಾಕ್ಟರಿಗೆ ಹೊಸ ವೈರು ಹಾಕಿಟ್ಟು ಭಾವ ಊಟಕ್ಕೆ ಹೋಗಿದ್ದರು. ಈ ಕೆಲಸದಲ್ಲಿ ಸರದಿಯೇ ಎಲ್ಲ. ಕರೆಂಟು ಹಂಚುವ ಮುಚ್ಚಳದ ನಾಲ್ಕು ತೂತುಗಳಿಂದ ಹೊರಟ ವೈರು ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲೇ ಪ್ಲಗ್ಗುಗಳಿಗೆ ಹೋಗಬೇಕು. ತಪ್ಪಿತೋ, ಎಂಜಿನ್ನು ಢಂ ಎಂದು ಹೊಗೆ ಕಾರುತ್ತದೆ.

ಮುಚ್ಚಳದ ಮೇಲೆ ಧೂಳು ಕಂಡ ಚಿಕ್ಕ ಮೇಸ್ತ್ರಿ ಎರಡು ವೈರು ಕಿತ್ತು ಒರೆಸಿದ. ಬಾಗಿಲಲ್ಲಿ ನಿಂತವರ ಜೊತೆ ಹರಟುತ್ತಾ, ಕಣ್ಣು ಅತ್ತ ಕೈ ಇತ್ತ, ಮತ್ತೆ ಸಿಕ್ಕಿಸಿದ. ಅಷ್ಟೇ ಆದದ್ದು.

ಭಾವ ಬಂದರು. ಯಜಮಾನರೂ ಅವರ ಆಳುಗಳೂ ಸುತ್ತ ನಿಂತಿದ್ದರು. ಕೀಲಿ ತಿರುಗಿಸಿದ್ದೇ ತಡ, ಢಂ! ಶೆಡ್ಡಿನ ತಗಡು ಅದುರಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೊದಲು ನಕ್ಕವರು ಭಾವನೇ. ಮತ್ತೆ ತಿರುಗಿಸಿದರು, ಮತ್ತೆ ಢಂ. ಈ ಸಲ ಅವರು ನಗಲಿಲ್ಲ.

"ಬಿಡಿ ಮೇಸ್ತ್ರಿ, ವಯಸ್ಸಾಯ್ತು. ಚಿಕ್ಕೋನು ನೋಡ್ಲಿ," ಎಂದರು ಯಜಮಾನರು.

ಅವನಿಗೆ ನೋಡಿದ ತಕ್ಷಣ ಗೊತ್ತಾಯಿತು, ತಾನು ಕಿತ್ತಿದ್ದ ಎರಡು ವೈರು ಅದಲುಬದಲಾಗಿದ್ದವು. ತೆಪ್ಪಗೆ ಬದಲಿಸಿದ. ಎಂಜಿನ್ನು ಹೂ ಎತ್ತಿದಷ್ಟು ಹಗುರವಾಗಿ ಶುರುವಾಯಿತು.

ಭಾವ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಾನು ತಪ್ಪು ಹಾಕಿದ್ನೇನೋ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದೇ ಹೊತ್ತಿಗೆ ಯಜಮಾನರು ಅವನ ಬೆನ್ನು ತಟ್ಟಿಬಿಟ್ಟರು. ಹದಿನೆಂಟು ವರ್ಷ ಆ ಶೆಡ್ಡಿನಲ್ಲಿ ದುಡಿದ ಬೆನ್ನಿಗೆ ಬಿದ್ದ ಮೊದಲ ಶಹಬ್ಬಾಸ್‌ಗಿರಿ ಅದು.

"ಹೂಂ ಭಾವ," ಎಂದ.

ಮಾರನೆಯ ದಿನ ಭಾವ ಸ್ಪ್ಯಾನರಿನ ಪೆಟ್ಟಿಗೆಯನ್ನು ಅವನ ಮುಂದಿಟ್ಟು ಬೆಂಚಿನ ಮೇಲೆ ಕೂತರು. ಮತ್ತೆ ಯಾವ ಎಂಜಿನ್ನನ್ನೂ ಮುಟ್ಟಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ ಚಿಕ್ಕ ಮೇಸ್ತ್ರಿ. ಆ ಹಾಳು ನಾಳೆ ಬರಲೇ ಇಲ್ಲ.

*

"ಬಾರೋ ಇಲ್ಲಿ," ಎಂದು ಅಕ್ಕ ಒಳಗಿನಿಂದ ಕರೆದಳು. ಮಂಚದ ಕೆಳಗಿನಿಂದ ಒಂದು ಹಲಗೆ ಎಳೆದು ಕೈಯಲ್ಲಿ ಹಿಡಿದಿದ್ದಳು. "ಇದನ್ನ ಅವರ ಜೊತೆ ಇಡೋಣ ಅಂತ. ಏನಿದು, ನಿಂಗೆ ಗೊತ್ತಾ?"

ಹಲಗೆಯ ಒಂದು ತುದಿಗೆ ನಾಲ್ಕು ತೂತಿನ ಡಬ್ಬಿಯ ಮುಚ್ಚಳ, ಇನ್ನೊಂದು ತುದಿಗೆ ಸಾಲಾಗಿ ನಾಲ್ಕು ಮೊಳೆ. ನಡುವೆ ನಾಲ್ಕು ಹಳೆಯ ವೈರು. ಕೈ ಆಡಿ ಆಡಿ ಮೊಳೆಗಳು ಹೊಳೆಯುತ್ತಿದ್ದವು.

"ಆರು ವರ್ಷದಿಂದ ದಿನಾ ಬೆಳಿಗ್ಗೆ ಎಲ್ಲಾ ಕಿತ್ತು ಮತ್ತೆ ಹಾಕೋರು. 'ಸರಿ ಇದೆಯೇನೇ, ನೋಡು' ಅನ್ನೋರು. ಇದರ ತಲೆಬುಡ ನಂಗೇನು ಗೊತ್ತು? ಸರಿ ಇದೆ ರೀ ಅಂತಿದ್ದೆ. 'ನಿಂಗೇನು ತಿಳಿಯುತ್ತೆ' ಅಂತ ಮತ್ತೆ ಕೀಳೋರು."

"ನನ್ನ ಕರೀಬಹುದಿತ್ತಲ್ಲಕ್ಕ…"

"ಕರೀತೀನಿ ಅಂದೆ. 'ಬೇಡ, ಅವನೆದುರಿಗೆ ಮತ್ತೆ ತಪ್ಪಾದ್ರೆ?' ಅಂದ್ರು."

ಅವನು ವೈರುಗಳನ್ನು ನೋಡಿದ. ಸರದಿಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಅಕ್ಕಾ, ಆವತ್ತು ತಪ್ಪು ಹಾಕಿದ್ದು ಭಾವ ಅಲ್ಲ. ಅವರು ಊಟಕ್ಕೆ ಹೋದಾಗ ನಾನು ಕಿತ್ತು ಹಾಕಿದ್ದೆ. ಆಮೇಲೆ ಬಾಯಿ ಬಿಡ್ಲಿಲ್ಲ."

ಅಕ್ಕ ಹಲಗೆಯಿಂದ ತಲೆ ಎತ್ತಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡ. ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ.

"ನಂಗೊಬ್ಬಳಿಗೆ ಹೇಳಿದ್ರೆ ಆಯ್ತೇನೋ?" ಎಂದಳು. "ಹೊರಗೆ ನಗ್ತಾ ಇದ್ರಲ್ಲ, ಅವರಿಗೆ ಹೇಳು."

ದೇಹವನ್ನು ಹೊತ್ತು ತಂದು ಟ್ರೈಲರಿನಲ್ಲಿ ಮಲಗಿಸಿದರು. ಯಜಮಾನರು ಕೀಲಿಗೆ ಕೈ ಹಾಕುವಷ್ಟರಲ್ಲಿ ಚಿಕ್ಕ ಮೇಸ್ತ್ರಿ, "ಒಂದು ನಿಮಿಷ ತಡೀರಿ," ಎಂದ. ತಡವರಿಸುತ್ತ, ಬೆವರುತ್ತ, ಏನನ್ನೂ ಬಿಡದೆ ಎಲ್ಲ ಹೇಳಿದ. ದರ್ಜಿ ನೆಲ ನೋಡಿದ. ಯಜಮಾನರು ಕೀಲಿ ತಿರುಗಿಸಿದರು. ಎಂಜಿನ್ನು ಒಂದು ಸಲವೂ ಕೆಮ್ಮದೆ ಶುರುವಾಯಿತು. ಈ ಸಲ ಯಾರೂ ಅವನ ಬೆನ್ನು ತಟ್ಟಲಿಲ್ಲ.

ಅಕ್ಕ ಗಂಡನ ಪಕ್ಕದಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಮ್ಮ ಅಂಜುತ್ತಂಜುತ್ತ ಹತ್ತಿ ಎದುರಿಗೆ ಕೂತ.

"ಹೆಂಗೆ ನೋಡೋದು ಇದನ್ನ? ಹೇಳಿಕೊಡು," ಎಂದಳು.

"ಈ ತೂತಿಂದ ಶುರು ಅಕ್ಕ. ಹೀಗೆ ಸುತ್ತು ಬರಬೇಕು. ಒಂದು… ಮೂರು… ನಾಲ್ಕು… ಎರಡು."

ಒಂದೊಂದು ವೈರಿನ ಮೇಲೂ ಬೆರಳಾಡಿಸುತ್ತ ಅವಳು ತೂತಿನಿಂದ ಮೊಳೆಯವರೆಗೆ ಹೋದಳು. ಇನ್ನೊಮ್ಮೆ ಮೊದಲಿನಿಂದ, ತಾನೇ ಎಣಿಸುತ್ತ ಹೋದಳು. ಆಮೇಲೆ ಗಂಡನ ಕಿವಿಯ ಬಳಿ ಬಗ್ಗಿ, ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು:

"ಸರಿ ಇದೆ ರೀ."