ಸಣ್ಣ ಅಳತೆಯ ಗ್ಲೌಸು

ಅಕ್ವೇರಿಯಮ್ಮಿನ ಅಂಚಿಗೆ ಕಟ್ಟಿಕೊಂಡಿದ್ದ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ನೀರು ಆರಿದಲ್ಲೆಲ್ಲ ಉಪ್ಪು ಬಿಳಿಯ ಗೆರೆಯಾಗಿ ಕೂತುಬಿಡುತ್ತದೆ. ನಮ್ಮ ಅಜ್ಜಿ, ದಾದಿ ಪ್ಯಾರಿ ಬೀ, ಮಂಚದ ಮೇಲೆ ತಸ್ಬಿಯ ಮಣಿ ಎಣಿಸುತ್ತಿದ್ದರು. ಅಣ್ಣ ಮುಝಫರ್ ಭಾಯ್ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದ. ನೀರಿನೊಳಗಿನ ಕಲ್ಲಿನ ತೂತು ಇನ್ನೂ ಮುಚ್ಚಿಯೇ ಇತ್ತು. ನಾನು ಸಾಕುತ್ತಿದ್ದ ಸಿಗಡಿಯಂಥ ಜೀವ ಪೊರೆ ಬಿಟ್ಟು ಒಳಗೆ ಮೆತ್ತಗೆ ಮಲಗಿತ್ತು. ಹೊಸ ಮೈ ಗಟ್ಟಿಯಾಗುವವರೆಗೆ ಹೊರಗೆ ಬರುವುದಿಲ್ಲ. ಆಗ ಅದನ್ನು ಅಲುಗಿಸಲೂ ಬಾರದು, ಸತ್ತುಹೋದೀತು.

“ಮಾಹೀರಾ, ಹೊಳಲ್ಕೆರೆಯಿಂದ ಒಬ್ರು ಬರ್ತಾರೆ. ಚಾ ಮಾಡಿಡು,” ಎಂದ ಭಾಯ್.

“ಯಾಕೆ ಬರ್ತಾರೆ?”

“ಟ್ಯಾಂಕ್ ನೋಡಾಕೆ.”

ಬಟ್ಟೆ ಹಿಂಡಿ ಒಳಗೆ ಹೋದೆ. ಹೊರಗಿನ ಗಂಡಸರು ಬಂದಾಗ ನಾನು ಪರದೆಯ ಈಚೆ, ಅಡುಗೆಮನೆಯಲ್ಲಿರುವುದು ನಮ್ಮ ಮನೆಯ ರೂಢಿ. ಅಮ್ಮಿ ತೀರಿಕೊಂಡ ಮೇಲೆ ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟು ಈ ಅಡುಗೆಮನೆಗೆ ಬಂದವಳು ನಾನು. ಅಬ್ಬಾ ಸಂತೆಹೊಂಡದ ಹತ್ತಿರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಅವರ ನಂತರ ಭಾಯ್ ಅಲ್ಲಿ ಬಣ್ಣದ ಮೀನು ಮಾರತೊಡಗಿದ.

ಹೋದ ವರ್ಷ ಅವನಿಗೆ ಮ್ಯಾಂಟಿಸ್ ಶ್ರಿಂಪ್ ತರುವ ಹುಚ್ಚು ಹಿಡಿಯಿತು. ನೋಡಲು ಸಿಗಡಿಯ ಹಾಗೆ, ಆದರೆ ಎದೆಯ ಕೆಳಗೆ ಮಡಚಿಟ್ಟ ಎರಡು ಮುಷ್ಟಿಗಳಿವೆ. ಗುದ್ದಿದರೆ ಬಸವನಹುಳದ ಚಿಪ್ಪು ಪುಡಿಯಾಗುತ್ತದೆ. ಗಾಜು ಬಿರಿಯಬಹುದೆಂದು ಭಾಯ್ ದಪ್ಪ ಅಕ್ರಿಲಿಕ್ ಟ್ಯಾಂಕು ತಂದ. ಜೊತೆಗೆ ಸಮುದ್ರದ ಉಪ್ಪಿನ ಚೀಲ, ಮರಳು, ಹವಳದ ಚೂರು, ತೂತುಗಳಿರುವ ಒಂದು ದೊಡ್ಡ ಕಲ್ಲು. ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು. ನಮ್ಮ ಬೋರ್ ನೀರು ಗಡುಸು, ಆಗುವುದಿಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು, ಬಕೆಟ್ಟಿನಲ್ಲಿ ಉಪ್ಪು ಕದಡಿ, ಉಪ್ಪು ಅಳೆಯುವ ಗಾಜಿನ ಕೊಳವೆ ಇಳಿಬಿಟ್ಟು ನೋಡುತ್ತಿದ್ದೆ. ಅಬ್ಬಾನ ಬೈರಿಗೆಯಿಂದ ಕಲ್ಲಿನ ತೂತನ್ನು ಅದು ಮಲಗುವಷ್ಟು ಅಗಲ ಮಾಡಿದೆ. ಆಮೇಲೆ ಬರೀ ನೀರನ್ನೇ ವಾರಗಟ್ಟಲೆ ಕಾಯ್ದೆವು.

“ಮೀನಿಲ್ಲದ ನೀರಿಗೆ ಲೈಟು, ಫ್ಯಾನು. ನನ್ ಮಂಚಕ್ಕೆ ಒಂದು ಫ್ಯಾನಿಲ್ಲ,” ಎಂದು ದಾದಿ ಗೊಣಗಿದರು.

“ನೀರು ಹದಕ್ಕೆ ಬರಬೇಕು ದಾದಿ.”

“ಹದಕ್ಕೆ ಬರಾಕೆ ಅದೇನು ಪಾಯಸಾನ?”

ಅದು ಬಂದ ದಿನ ಮಾತ್ರ ದಾದಿಯೇ ಮೊದಲು ಎದ್ದು ಬಂದು ಟ್ಯಾಂಕಿನ ಎದುರು ಕೂತರು. ಹಸಿರು ಮೈ, ಕೆಂಪು ಕಾಲು, ಕಡ್ಡಿಯ ತುದಿಯಲ್ಲಿ ಒಂದೊಂದು ದಿಕ್ಕಿಗೆ ತಿರುಗುವ ಕಣ್ಣು. “ಶೇರ್ವಾನಿ ನೋಡು, ತುರಾಯಿ ನೋಡು. ಮಾಹೀರಾಗೆ ದುಲ್ಹಾ ಬಂದ,” ಎಂದು ನಕ್ಕರು.

ಭಾಯ್ ಅವತ್ತೇ ನನಗೆ ಮಾತು ಕೊಟ್ಟಿದ್ದ. “ಇದು ಒಂದು ಸಲ ಪೊರೆ ಬಿಟ್ಟು ಬದುಕಿದ್ರೆ ನಿಂದೇ. ಆಮ್ಯಾಲೆ ಅಂಗಡ್ಯಾಗೆ ಉಪ್ಪುನೀರಿನ ಕಡೆ ಎಲ್ಲಾ ನೀನೇ ನೋಡ್ಕ. ಬೋರ್ಡಿಗೆ ನಿನ್ ಹೆಸರೂ ಬರಸ್ತೀನಿ.”

ಬೋರ್ಡಿನ ಆಸೆ ನನಗಿರಲಿಲ್ಲ. ಅಂಗಡಿಯ ಒಳಕೋಣೆಯಲ್ಲಿ, ಟ್ಯಾಂಕುಗಳ ನಡುವೆ, ಒಂದು ಸ್ಟೂಲು ಹಾಕಿಕೊಂಡು ಕೂರುವುದನ್ನು ಮಾತ್ರ ನೆನೆಯುತ್ತಿದ್ದೆ.

ಆ ದಿನವೇ ಕರಿಯ ರಬ್ಬರ್ ಗ್ಲೌಸು ತಂದುಕೊಟ್ಟ. “ಗುದ್ದಿದ್ರೆ ಬೆರಳು ಸೀಳ್ತೈತೆ. ಇವು ಮೊಣಕೈವರ್ಗೂ ಬರ್ತಾವೆ, ಹಾಕ್ಕ.” ನನ್ನ ಕೈಗೆ ಸರಿಯಾಗಿ ಹೊಂದುವ ಸಣ್ಣ ಅಳತೆ. ಅಬ್ಬಾ ಹೋದ ಮೇಲೆ ನನ್ನ ಕೈಯ ಅಳತೆಯನ್ನು ನೆನಪಿಟ್ಟುಕೊಂಡು ಯಾರೂ ಏನೂ ತಂದಿರಲಿಲ್ಲ. ನಾನು ಕೆಲಸ ಮಾಡುವಾಗ ಅವನು ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದ. ಸರಿಯಾಗಿ ಮಾಡುತ್ತಿದ್ದೇವೋ ಇಲ್ಲವೋ ಎಂದು ಉಪ್ಪು ಕಳಿಸುವವರಿಗೆ ತೋರಿಸಬೇಕು ಎನ್ನುತ್ತಿದ್ದ. “ಬಳೆ ತೆಗೆದಿಡು, ಸದ್ದಾಗ್ತೈತೆ. ಮಾತಾಡ್ಬ್ಯಾಡ.” ನನ್ನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು, ಆ ವಿಡಿಯೊಗಳನ್ನು ನಾನು ನೋಡಲಿಲ್ಲ. ಬಕೆಟ್ಟಿನಲ್ಲಿ ಬರೀ ಉಪ್ಪು ಕದಡುವಾಗಲೂ ಗ್ಲೌಸು ಯಾಕೆ ಎಂದು ಒಮ್ಮೆ ಅನಿಸಿತ್ತು. ಕೇಳಲಿಲ್ಲ.

ಬೇಸಿಗೆಯಲ್ಲಿ ನೀರು ಕಾಯದಂತೆ ಐಸು ಕಟ್ಟಿದ ಬಾಟಲಿ ತೇಲಿಬಿಟ್ಟೆ. ಕರೆಂಟು ಹೋದಾಗ ಲೋಟದಿಂದ ನೀರು ಎತ್ತಿ ಎತ್ತಿ ಹೊಯ್ದು ಗಾಳಿಯಾಡಿಸಿದೆ. ಅದು ನನ್ನ ಕೈಯನ್ನು ಗುರುತು ಹಿಡಿಯಿತು. ಗ್ಲೌಸು ನೀರಿಗಿಳಿದರೆ ತೂತಿನಿಂದ ಕಣ್ಣು ಹೊರಗಿಟ್ಟು ಕಾಯುತ್ತಿತ್ತು. ಮೊನ್ನೆ ಬೆಳಿಗ್ಗೆ ಮರಳಿನ ಮೇಲೆ ಖಾಲಿ ಪೊರೆ ಬಿದ್ದಿತ್ತು, ಮುಷ್ಟಿಗಳ ಸಮೇತ, ಗಾಜಿನ ಗೊಂಬೆಯ ಹಾಗೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಓಡಿಹೋಗಿ ಭಾಯ್‌ಗೆ ಮೊದಲು ತೋರಿಸಿದವಳು ನಾನೇ. ಅವನು ನಕ್ಕು, ಫೋನು ತೆಗೆದುಕೊಂಡು ಹೊರಗೆ ಹೋದ.

ಚಾ ಕುದಿಯುವಾಗ ಹೊಳಲ್ಕೆರೆಯ ಪ್ರದೀಪ್ ಬಂದರು. ಪರದೆಯ ಸಂದಿನಲ್ಲಿ ನೋಡಿದೆ. ಅವರ ಕೈಯಲ್ಲಿ ಮುಚ್ಚಳವಿರುವ ಥರ್ಮೊಕೋಲ್ ಪೆಟ್ಟಿಗೆ ಇತ್ತು.

“ಬರ್ರಿ ಸಾರ್, ಕುಂತ್ಕಳ್ರಿ.”

“ಕುಂತ್ಕಳಾದು ಇರ್ಲಿ ಮುಝಫರಣ್ಣ, ಮೊದ್ಲು ಕೈ ಕೊಡ್ರಿ. ಫೋನಿನಾಗೆ ನೀವು ಹಾಕೋ ವಿಡಿಯೊ ಒಂದೂ ಬಿಟ್ಟಿಲ್ಲ ನಾನು. ಉಪ್ಪು ಕದಡಾದ್ರಿಂದ ಹಿಡಿದು ಹುಳ ತಿನ್ಸೋವರ್ಗೂ. ನಮ್ ಮನೆಯಾಕೆ ಅಂತಾಳೆ, ಅವರ ಕೈ ನೋಡ್ರಿ ಎಷ್ಟು ನಿಧಾನ, ನೀವು ಒಂದು ಲೋಟ ಇಟ್ರೆ ಓಣಿಗೆಲ್ಲ ಕೇಳ್ತೈತೆ ಅಂತ.”

ಭಾಯ್ ನಕ್ಕ. “ಅಭ್ಯಾಸ ಸಾರ್.”

“ಎಲ್ಲಿ, ಆ ಕರೀ ಗ್ಲೌಸ್ ಹಾಕ್ಕಳ್ರಿ. ಒಂದು ಫೋಟೊ ತಗಂತೀನಿ.”

ಗ್ಲೌಸು ಟ್ಯಾಂಕಿನ ಪಕ್ಕದ ಮೊಳೆಗೆ ನೇತುಬಿದ್ದಿತ್ತು. ಭಾಯ್ ಒಂದನ್ನು ತೆಗೆದು ಕೈ ತೂರಿಸಿದ. ಬೆರಳ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಎಳೆದ. ಗ್ಲೌಸಿನ ಬೆರಳುಗಳ ತುದಿ ಖಾಲಿಯಾಗಿಯೇ ಜೋತಾಡಿತು.

“ಉಪ್ಪುನೀರಿಗೆ ಮುದುಡ್ಕಂಡಾವೆ ಸಾರ್.”

“ಹೌದೌದು, ರಬ್ಬರು ಹಂಗೇಯ.”

ದಾದಿಯ ತಸ್ಬಿ ನಿಂತಿತು. ಅವರು ಪರದೆಯ ಕಡೆ ನೋಡಿದರು. ನಾನು ಅಲ್ಲಿದ್ದೇನೆಂದು ಅವರಿಗೆ ಗೊತ್ತಿತ್ತು. ಆಮೇಲೆ ತಲೆ ತಗ್ಗಿಸಿ ಮಣಿ ಸರಿಸತೊಡಗಿದರು.

ನನ್ನ ಬೆರಳು ಸೀಳದಿರಲಿ ಎಂದು ತಂದದ್ದಲ್ಲ ಅದು. ನನ್ನ ಬೆರಳು ಯಾರಿಗೂ ಕಾಣದಿರಲಿ ಎಂದು ತಂದದ್ದು. ಬಳೆ ತೆಗೆಸಿದ್ದೂ ಅದಕ್ಕೇ.

ಚಾ ತಟ್ಟೆಯನ್ನು ಪರದೆಯ ಪಕ್ಕದಿಂದ ದಾದಿಯ ಕೈಗೆ ಕೊಟ್ಟೆ. ಅವರು ನನ್ನ ಮುಖ ನೋಡಲಿಲ್ಲ.

“ಒಳಗೆ ಯಾರು?” ಎಂದರು ಪ್ರದೀಪ್.

“ತಂಗಿ. ಚಾ ಚೆನ್ನಾಗಿ ಮಾಡ್ತಾಳೆ. ಇದನ್ನ ಕಂಡ್ರೆ ಮಾತ್ರ ಹೆದರ್ತಾಳೆ.”

ಇಬ್ಬರೂ ನಕ್ಕರು. ಪ್ರದೀಪ್ ಲೋಟ ಕೆಳಗಿಟ್ಟರು. ಹೌದು, ಸದ್ದಾಯಿತು. “ಪ್ಯಾಕ್ ಮಾಡ್ರಣ್ಣ. ನಾನು ಊರು ಮುಟ್ಟೋದ್ರಾಗೆ ಬಿಸಿಲೇರ್ತೈತೆ. ನಮ್ ಟ್ಯಾಂಕ್ ನಿಮ್ ವಿಡಿಯೊ ನೋಡ್ಕಂಡೇ ರೆಡಿ ಮಾಡೀನಿ. ಕಲ್ಲೂ ಒಯ್ಯಬೇಕಾ?”

“ಕಲ್ಲು ಯಾಕೆ ಸಾರ್, ಭಾರ. ಒದರಿದ್ರೆ ತಾನೇ ಬೀಳ್ತೈತೆ. ಬ್ಯಾರೆ ದಿನ ಆಗಿದ್ರೆ ಕೈ ಇಡಾಕಾಗ್ತಿರ್ಲಿಲ್ಲ. ಈಗ ಪೊರೆ ಬಿಟ್ಟೈತೆ, ಗುದ್ದಾಕೆ ಬರಲ್ಲ. ಅದಕ್ಕೇ ಇವತ್ತೇ ಬರ್ರಿ ಅಂದಿದ್ದು.”

ಭಾಯ್ ಗ್ಲೌಸು ಕಳಚಿಟ್ಟು, ಅಂಗಿಯ ತೋಳು ಮಡಚಿ, ಬರಿಗೈಯನ್ನು ನೀರಿಗಿಳಿಸಿದ. ಕಲ್ಲು ಮೇಲೆ ಬಂತು. ಅದು ಒಂದೊಂದಾಗಿ ಹೊತ್ತು ತಂದು ಬಾಗಿಲು ಮುಚ್ಚಿಕೊಂಡಿದ್ದ ಹವಳದ ಚೂರುಗಳು ಉದುರಿ ನೀರಿಗೆ ಬಿದ್ದವು. ತೂತಿನೊಳಗೆ ಹಸಿರು ಬಣ್ಣ ಹಿಂದಕ್ಕೆ ಸರಿಯಿತು.

ಹೇಳಲು ಬಹಳ ಇತ್ತು. ಆ ಕೈ ನನ್ನದು. ಆ ಮಾತು ನೀನು ಕೊಟ್ಟದ್ದು. ಹೊರಗಿನವರೆದುರು ನಾನು ಯಾವತ್ತೂ ದನಿ ಎತ್ತಿದವಳಲ್ಲ.

“ಭಾಯ್, ಒದರಬ್ಯಾಡ,” ಎಂದೆ.

ಪ್ರದೀಪ್ ಪರದೆಯ ಕಡೆ ತಿರುಗಿ, ನೋಡಬಾರದೆಂದು ಕೂಡಲೇ ಮುಖ ತಿರುಗಿಸಿ, ಪೆಟ್ಟಿಗೆಯ ಮುಚ್ಚಳ ತೆಗೆದರು. ಭಾಯ್ ಕಲ್ಲನ್ನು ಪೆಟ್ಟಿಗೆಯ ಮೇಲೆ ಬೋರಲು ಹಿಡಿದ. ದಾದಿಯ ಬೆರಳಲ್ಲಿ ಮಣಿಗಳು ಸರಿಯುತ್ತಲೇ ಇದ್ದವು.

ಪರದೆಯನ್ನು ಬಿಗಿಯಾಗಿ ಹಿಡಿದು ಮತ್ತೆ ಹೇಳಿದೆ, ಮೂವರಿಗೂ ಕೇಳುವ ಹಾಗೆ.

“ಅದನ್ನ ಕಲ್ಲಿನ ಸಮೇತ ತಗಂಡೋಗ್ರಿ.”